ಹಳೇ ಗಾಡಿ ನಿಂತುಹೋಗಿದೆ, ಸ್ಟಾರ್ಟ್ ಆಗ್ತಿಲ್ಲ: ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು, ಇಪ್ಪತ್ತು ವರ್ಷ ದಾಟಿದ ಗಾಡಿಯನ್ನು ಇನ್ನೂ ಓಡಿಸುತ್ತಿರುವವರಿಗಾಗಿ ಈ ಪುಟ. ಮಾರುತಿ 800, ಓಮ್ನಿ, ಅಂಬಾಸಡರ್, ಪದ್ಮಿನಿ, ಹಳೇ ಡೀಸೆಲ್ ಜೀಪು, ಇಂಥವು. ಬಹಳ ಜನ ಫೋನ್ ಮಾಡಿ "ಸ್ಟಾರ್ಟ್ ಆಗ್ತಿಲ್ಲ, ಏನಾಗಿರಬಹುದು?" ಅಂತ ಕೇಳುತ್ತಾರೆ. ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಹೇಗೆ ನಿಂತಿತು, ಕೀ ತಿರುಗಿಸಿದರೆ ಏನು ಶಬ್ದ ಬರುತ್ತದೆ, ಈ ಎರಡು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ರಸ್ತೆ ಮಧ್ಯದಲ್ಲೇ ಇಂಜಿನ್ ಆಫ್ ಆಯಿತು. ಮೊದಲು ಏನು ಮಾಡಬೇಕು?

ಬಾನೆಟ್ ಎತ್ತಬೇಡಿ. ಗಾಡಿ ಉರುಳುತ್ತಿರುವಾಗಲೇ ಎಡಕ್ಕೆ ತನ್ನಿ. ಕೀ ತೆಗೆಯಬೇಡಿ, ತೆಗೆದರೆ ಎಷ್ಟೋ ಗಾಡಿಗಳಲ್ಲಿ ಸ್ಟೀರಿಂಗ್ ಲಾಕ್ ಆಗುತ್ತದೆ. ಬ್ರೇಕಿಗೆ ಬೂಸ್ಟರ್ ಇದ್ದರೆ ಇಂಜಿನ್ ಆಫ್ ಆದ ಮೇಲೆ ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಹಾಗಾಗಿ ಒತ್ತಿ ಒತ್ತಿ ಬಿಡಬೇಡಿ, ಒಂದೇ ಸಲ ಒತ್ತಿ ಹಿಡಿದು ನಿಲ್ಲಿಸಿ.

ಬೆಂಗಳೂರು, ಕೋಲಾರ, ಮುಳಬಾಗಿಲು ದಾರಿ ಈಗ ರಾಷ್ಟ್ರೀಯ ಹೆದ್ದಾರಿ 75. ಅಲ್ಲಿ ಲಾರಿ, ಬಸ್ಸು ಯಾವುದೂ ನಿಧಾನಕ್ಕೆ ಬರುವುದಿಲ್ಲ. ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದೆ ದೂರದಲ್ಲಿ ತ್ರಿಕೋನದ ಬೋರ್ಡ್ ಇಡಿ. ಮಕ್ಕಳು, ವಯಸ್ಸಾದವರನ್ನು ಗಾಡಿಯಿಂದ ಇಳಿಸಿ ರಸ್ತೆ ಅಂಚಿನಾಚೆ ಕೂರಿಸಿ. ಹೆದ್ದಾರಿಯ ಸಹಾಯವಾಣಿ 1033. ಆಮೇಲೆ ಇಂಜಿನ್ ನೋಡೋಣ.

ನಿಂತ ರೀತಿಯಿಂದ ಏನು ಗೊತ್ತಾಗುತ್ತದೆ?

ಬಹಳಷ್ಟು ಗೊತ್ತಾಗುತ್ತದೆ. ಉಳಿದ ಪ್ರಶ್ನೆಗಳಿಗಿಂತ ಇದನ್ನೇ ನಿಧಾನವಾಗಿ ಓದಿ.

ಸ್ವಿಚ್ ಆರಿಸಿದ ಹಾಗೆ ಟಪ್ ಅಂತ ನಿಂತಿತೇ? ಒಂದು ಜರ್ಕೂ ಇಲ್ಲ, ಕೆಮ್ಮೂ ಇಲ್ಲ, ಸುಮ್ನೆ ಆಫ್. ಹಾಗಾದರೆ ಮೊದಲ ಅನುಮಾನ ಕರೆಂಟಿನ ಮೇಲೆ. ಕಾಯಿಲ್ (ಕಿಡಿಗೆ ಬೇಕಾದ ಜೋರು ಕರೆಂಟ್ ಕೊಡುವ ಭಾಗ), ಡಿಸ್ಟ್ರಿಬ್ಯೂಟರ್ (ಅದನ್ನು ಪ್ಲಗ್ಗುಗಳಿಗೆ ಹಂಚುವ ಡಬ್ಬಿ), ಅದರೊಳಗೆ ತೆರೆದು ಮುಚ್ಚುವ ಪಾಯಿಂಟ್, ಕೀ ಸ್ವಿಚ್, ಫ್ಯೂಸ್, ಎಲ್ಲೋ ಬಿಚ್ಚಿಕೊಂಡ ಒಂದು ವೈರ್. ಇಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ತುಂಡಾದರೂ ಹೀಗೇ ನಿಲ್ಲುತ್ತದೆ. ಅದಕ್ಕೆ ಗುರುತು ಬೇರೆ ಇದೆ, ಮುಂದೆ ಹೇಳುತ್ತೇನೆ.

ಎಳೆಯದೆ, ಗುದ್ದುತ್ತಾ, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತಾ ನಿಂತಿತೇ? ಅದು ಹೆಚ್ಚಾಗಿ ಪೆಟ್ರೋಲ್ ಬರುತ್ತಿಲ್ಲ ಅಂತ. ಟ್ಯಾಂಕ್ ಖಾಲಿ, ಫಿಲ್ಟರ್ ಕಟ್ಟಿದೆ, ಪಂಪ್ ಸೋತಿದೆ, ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ ಕೂತಿದೆ. ಇವುಗಳಲ್ಲಿ ಯಾವುದೋ ಒಂದು.

ರಾತ್ರಿ ಹೊತ್ತು, ಮೊದಲು ಹೆಡ್‌ಲೈಟ್ ಮಂಕಾಗಿ, ಆಮೇಲೆ ಇಂಜಿನ್ ಮಿಸ್ ಆಗಿ ನಿಂತಿತೇ? ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಅಥವಾ ಅದರ ಬೆಲ್ಟ್ ಜಾರುತ್ತಿದೆ. ಗಾಡಿ ಅಷ್ಟು ಹೊತ್ತೂ ಬರೀ ಬ್ಯಾಟರಿಯ ಮೇಲೆ ಓಡಿದೆ. ಅಲ್ಲೇ ಹೊಸ ಬ್ಯಾಟರಿ ಹಾಕಿದರೂ ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತದೆ.

ಹೀಟ್ ಮುಳ್ಳು ಕೆಂಪಿಗೆ ಏರಿ, ಆವಿ ಬಂದು ನಿಂತಿತೇ? ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಕೆಳಗೆ ಬೇರೆ ಪ್ರಶ್ನೆಯಲ್ಲಿ ಇದೆ.

ಕೀ ತಿರುಗಿಸಿದಾಗ ಬರುವ ಶಬ್ದದಿಂದ ಹೇಗೆ ಗುರುತಿಸುವುದು?

ಡ್ಯಾಶ್‌ಬೋರ್ಡಿನ ದೀಪವೂ ಇಲ್ಲ, ಶಬ್ದವೂ ಇಲ್ಲ: ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ಟರ್ಮಿನಲ್ ಬಿಟ್ಟಿದೆ, ಇಲ್ಲವೇ ಮೇನ್ ಫ್ಯೂಸ್ ಹೋಗಿದೆ.

"ಟಕ ಟಕ ಟಕ" ಅಂತ ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿಯಲ್ಲಿ ದಮ್ಮಿಲ್ಲ. ದೀಪ ಚೆನ್ನಾಗಿ ಉರಿಯುತ್ತಿದ್ದು ಒಂದೇ ಒಂದು "ಟಕ್" ಬಂದರೆ ಸೆಲ್ಫ್ ಮೋಟರ್ ಅಥವಾ ಅದಕ್ಕೆ ಕರೆಂಟ್ ಬಿಡುವ ಸ್ವಿಚ್, ಅಂದರೆ ಸೊಲೆನಾಯ್ಡ್, ಕೆಟ್ಟಿದೆ. ಒಬ್ಬರು ಕೀ ಹಿಡಿದಿರುವಾಗ ಇನ್ನೊಬ್ಬರು ಮೋಟರಿನ ಮೈಗೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಕೈ ಫ್ಯಾನಿನಿಂದ ದೂರ ಇರಲಿ. ತಿರುಗಿಬಿಟ್ಟರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಂತ ತಿಳಿಯಿರಿ. ಊರು ಸೇರಲು ಸಾಕು, ಮಾರನೇ ದಿನ ಬಿಚ್ಚಿಸಲೇಬೇಕು.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ. ಇಲ್ಲೇ ಜನ ಎಡವುವುದು. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮ ಹೊಡೆಯಬೇಡಿ, ಮಧ್ಯೆ ಅರ್ಧ ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಇರುವ ಒಂದು ತೊಂದರೆಗೆ ಸತ್ತ ಬ್ಯಾಟರಿ ಅಂತ ಇನ್ನೊಂದು ಸೇರಿಕೊಳ್ಳುತ್ತದೆ.

ಬ್ಯಾಟರಿ ಹೊಸದು. ಆದರೂ ಸೆಲ್ಫ್ ಎಳೆಯುತ್ತಿಲ್ಲ. ಯಾಕೆ?

ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕೂತಿದ್ದರೆ ಕರೆಂಟ್ ದಾಟುವುದಿಲ್ಲ. ಬಿಚ್ಚಿ, ಬಿಸಿ ನೀರು ಹಾಕಿ, ಉಜ್ಜಿ, ಒರೆಸಿ, ಗಟ್ಟಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ಮೊದಲು ಮೈನಸ್, ಕಟ್ಟುವಾಗ ಕೊನೆಗೆ ಮೈನಸ್. ಆಮೇಲೆ ಅರ್ತ್ ಕೇಬಲ್ ಹಿಡಿದುಕೊಂಡು ಹೋಗಿ. ಬ್ಯಾಟರಿಯಿಂದ ಬಾಡಿಗೆ ಒಂದು, ಬಾಡಿಯಿಂದ ಇಂಜಿನ್ನಿಗೆ ಇನ್ನೊಂದು ಇರುತ್ತದೆ. ಹಳೇ ಗಾಡಿಯಲ್ಲಿ ಎರಡನೆಯದರ ಬೋಲ್ಟ್ ತುಕ್ಕು ಹಿಡಿದಿರುವುದೇ ಜಾಸ್ತಿ.

ಮಲ್ಟಿಮೀಟರ್ ಇದ್ದರೆ ಊಹೆ ಬೇಡ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆ ಆದರೆ ಚಾರ್ಜಿಗೆ ಹಾಕಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಅಷ್ಟು ಬರದಿದ್ದರೆ ಆಲ್ಟರ್ನೇಟರ್ ಕಡೆ ತಿರುಗಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ನೀರು ಹಾಕುವ ಬ್ಯಾಟರಿಗೆ ಬೋರ್‌ವೆಲ್ ನೀರು ಬೇಡವೇ ಬೇಡ. ಕೋಲಾರದ ಬೋರ್ ನೀರಿನಲ್ಲಿ ಉಪ್ಪು, ಸುಣ್ಣ ಎಷ್ಟಿದೆ ಅಂತ ನಿಮ್ಮ ಮನೆಯ ನಲ್ಲಿಯ ಬಿಳಿ ಕಲೆ ನೋಡಿದರೆ ಸಾಕು. ಡಿಸ್ಟಿಲ್ಡ್ ವಾಟರ್ ಕ್ಯಾನ್ ದುಬಾರಿಯಲ್ಲ.

ತಳ್ಳಿ ಸ್ಟಾರ್ಟ್ ಮಾಡಬಹುದಾ?

ಬ್ಯಾಟರಿ ಅಥವಾ ಸೆಲ್ಫ್ ಮಾತ್ರ ಕೈಕೊಟ್ಟಿದ್ದರೆ ಮಾಡಬಹುದು. ಕೀ ಆನ್, ಕ್ಲಚ್ ಒತ್ತಿ ಎರಡನೇ ಗೇರ್, ಓಟಕ್ಕೆ ಬಂದ ಮೇಲೆ ಕ್ಲಚ್ ಬಿಟ್ಟು, ಹಿಡಿದ ತಕ್ಷಣ ಮತ್ತೆ ಒತ್ತಿ. ಮೊದಲ ಗೇರ್‌ನಲ್ಲಿ ಗಾಡಿ ಮುಗ್ಗರಿಸುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಇದು ನಡೆಯುವುದಿಲ್ಲ.

ಸೆಲ್ಫ್ ಚೆನ್ನಾಗಿ ತಿರುಗುತ್ತಿದ್ದರೆ ತಳ್ಳಿ ಪ್ರಯೋಜನವಿಲ್ಲ. ನಾಲ್ಕು ಜನ ಬೆವರು ಸುರಿಸುವುದು ಅಷ್ಟೇ. ಟೈಮಿಂಗ್ ಬೆಲ್ಟ್ ಮೇಲೆ ಅನುಮಾನ ಇದ್ದರಂತೂ ತಳ್ಳಲೇಬೇಡಿ.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ಜಂಪ್ ಕೊಡುವುದು ಹೇಗೆ?

ಎರಡೂ 12 ವೋಲ್ಟ್ ಇರಬೇಕು, ಲಾರಿಯ 24 ವೋಲ್ಟಿಗೆ ಕಟ್ಟಬೇಡಿ. ಕೆಂಪು ಕೇಬಲ್ ಪ್ಲಸ್‌ನಿಂದ ಪ್ಲಸ್‌ಗೆ. ಕಪ್ಪು ಕೇಬಲ್ಲಿನ ಒಂದು ತುದಿ ಚೆನ್ನಾಗಿರುವ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ನಿಂತ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯಿಂದ ಹೊರಡುವ ಗ್ಯಾಸಿಗೆ ಕಿಡಿ ತಾಗಬಾರದು, ಅದಕ್ಕೇ ಕೊನೆಯ ತುದಿಯನ್ನು ದೂರ ಕಟ್ಟುವುದು. ಬಿಚ್ಚುವಾಗ ಉಲ್ಟಾ ಕ್ರಮ.

ಸೆಲ್ಫ್ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ಕರೆಂಟ್ ಮೊದಲಾ, ಪೆಟ್ರೋಲ್ ಮೊದಲಾ?

ಕರೆಂಟ್ ಮೊದಲು. ನೋಡುವುದು ಸುಲಭ, ಬೇಗ ಮುಗಿಯುತ್ತದೆ, ದುಡ್ಡು ಖರ್ಚಿಲ್ಲ.

ಒಂದು ಪ್ಲಗ್ ಬಿಚ್ಚಿ ಅದರ ವೈರಿಗೇ ಸಿಕ್ಕಿಸಿ. ಪ್ಲಗ್ಗಿನ ಲೋಹದ ಮೈ ಇಂಜಿನ್ನಿಗೆ ತಾಗುವಂತೆ ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ನೀಲಿ ಬಣ್ಣದ, ಚಟ್ ಚಟ್ ಅನ್ನುವ ಕಿಡಿ ಬಂದರೆ ಸರಿ. ಹಳದಿಯಾಗಿ ಸೋತ ಕಿಡಿ ಬಂದರೆ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ. ಬರಿಗೈಯಲ್ಲಿ ಹಿಡಿಯಬೇಡಿ. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಕಿಡಿಯನ್ನು ಅದರಿಂದ ದೂರ ಇಡಿ.

ಕಿಡಿ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಎತ್ತಿ. ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕ್ಯಾಪ್ ಬಿರುಕು ಬಿಟ್ಟಿದೆ. ಪಾಯಿಂಟ್ ಇರುವ ಗಾಡಿಯಲ್ಲಿ ಎರಡು ತುದಿ ಸುಟ್ಟು ಕರಕಲಾಗಿದ್ದರೆ ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ. ಗ್ಯಾಪ್ ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್. ದಾರಿಯಲ್ಲಿ ಫೀಲರ್ ಗೇಜ್ ಸಿಗದಿದ್ದರೆ ದಪ್ಪ ವಿಸಿಟಿಂಗ್ ಕಾರ್ಡ್ ತೂರಿಸಿ ಅಂದಾಜು ಮಾಡಿ.

ಆಯುಧ ಪೂಜೆಯ ಮಾರನೇ ದಿನ ಗ್ಯಾರೇಜುಗಳಿಗೆ ಕೈತುಂಬ ಕೆಲಸ. ಹಿಂದಿನ ದಿನ ಪೈಪು ಹಿಡಿದು ಬಾನೆಟ್ ಒಳಗೂ ನೀರು ಬಿಟ್ಟಿರುತ್ತಾರೆ. ಕುಂಕುಮ, ಹೂವು, ನಿಂಬೆಹಣ್ಣು ಎಲ್ಲಾ ಆಗಿದೆ, ಗಾಡಿ ಮಾತ್ರ ಏಳುತ್ತಿಲ್ಲ. ಕ್ಯಾಪಿನ ಒಳಗೆ, ವೈರ್ ತುದಿಗಳಲ್ಲಿ, ಪ್ಲಗ್ಗಿನ ಗುಂಡಿಯಲ್ಲಿ ನೀರು ಕೂತಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಬಿಟ್ಟರೆ ಹೆಚ್ಚಿನವು ಎದ್ದು ಕೂರುತ್ತವೆ.

ಪೆಟ್ರೋಲ್ ಬರುತ್ತಿದೆಯಾ ಅಂತ ಹೇಗೆ ನೋಡುವುದು?

ಮೊದಲು ಟ್ಯಾಂಕಿನಲ್ಲಿ ಇದೆಯಾ ನೋಡಿ. ನಗಬೇಡಿ. ಹಳೇ ಗಾಡಿಯ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಾ ಖಾಲಿಯಾಗಿ ನಿಲ್ಲುವುದು ದಿನಾ ನಡೆಯುತ್ತದೆ.

ಕಾರ್ಬುರೇಟರ್ ಗಾಡಿಯಾದರೆ ಏರ್ ಫಿಲ್ಟರ್ ತೆಗೆದು ಬಾಯಿಯೊಳಗೆ ನೋಡುತ್ತಾ ಆಕ್ಸಿಲರೇಟರ್ ಕಡ್ಡಿ ಎಳೆಯಿರಿ. ಸಣ್ಣ ಧಾರೆ ಚಿಮ್ಮಿದರೆ ಕಾರ್ಬುರೇಟರಿನವರೆಗೆ ಪೆಟ್ರೋಲ್ ಬಂದಿದೆ. ಬರದಿದ್ದರೆ ಪಂಪಿನಿಂದ ಬರುವ ಪೈಪ್ ಬಿಚ್ಚಿ, ಬಾಟಲಿಯೊಳಗೆ ಬಿಟ್ಟು, ಕಾಯಿಲ್ ವೈರ್ ಕಿತ್ತು ಸೆಲ್ಫ್ ಹೊಡೆಸಿ. ಇಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪ್ ಪ್ರತಿ ಸುತ್ತಿಗೂ ಗುಟುಕು ಗುಟುಕಾಗಿ ಕೊಡಬೇಕು. ಕೊಡದಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪಿನ ಡಯಾಫ್ರಮ್ ಹರಿದಿದೆ. ಇಷ್ಟೆಲ್ಲಾ ಮಾಡುವಾಗ ಇಂಜಿನ್ ಬಿಸಿ ಇರಬಾರದು, ಹತ್ತಿರ ಬೀಡಿ ಸಿಗರೇಟು ಇರಬಾರದು.

ಪೆಟ್ರೋಲ್ ವಾಸನೆ ಗಬ್ಬೆಂದು ಹೊಡೆದು ಪ್ಲಗ್ ಒದ್ದೆಯಾಗಿದ್ದರೆ ಉಲ್ಟಾ ಕೇಸು, ಜಾಸ್ತಿ ಬಂದಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಪೆಡಲನ್ನು ಪಂಪ್ ಮಾಡಬೇಡಿ, ಪ್ರತಿ ಸಲವೂ ಇನ್ನಷ್ಟು ಸುರಿಯುತ್ತದೆ.

ಬಿಸಿಲಲ್ಲಿ ನಿಲ್ಲುತ್ತೆ, ಅರ್ಧ ಗಂಟೆ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತೆ. ಗ್ಯಾರೇಜಿಗೆ ಹೋದರೆ ಸರಿಯಾಗಿರುತ್ತೆ!

ಮೆಕ್ಯಾನಿಕ್ಕುಗಳ ತಾಳ್ಮೆ ಪರೀಕ್ಷಿಸುವ ತೊಂದರೆ ಇದು. ಏಪ್ರಿಲ್, ಮೇ ತಿಂಗಳಲ್ಲಿ ಟೊಮೆಟೊ ಕ್ರೇಟ್ ಹೇರಿಕೊಂಡು ಮಂಡಿ ಮುಂದೆ ಸಾಲಿನಲ್ಲಿ ಇಂಚಿಂಚು ಜರುಗುವ ಓಮ್ನಿಗಳಲ್ಲಿ ತುಂಬಾ ಕಾಣಿಸುತ್ತದೆ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗೆ ಇರುವುದರಿಂದ ನಿಧಾನ ಓಟದಲ್ಲಿ ಬಿಸಿ ಹೊರಗೆ ಹೋಗಲು ಜಾಗವೇ ಸಾಲದು.

ಕಾರಣ ಎರಡು ಇರಬಹುದು. ಒಂದು, ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಕುದ್ದು ಆವಿಯಾಗಿದೆ. ಪಂಪು ದ್ರವವನ್ನು ತಳ್ಳುತ್ತದೆಯೇ ಹೊರತು ಆವಿಯನ್ನು ತಳ್ಳಲಾರದು. ಎರಡು, ಬಿಸಿಯಾದಾಗ ಮಾತ್ರ ಕಾಯಿಲ್ ಅಥವಾ ಇಗ್ನಿಷನ್ ಮಾಡ್ಯೂಲ್ ಸಾಯುತ್ತಿದೆ, ತಣ್ಣಗಾದ ಮೇಲೆ ಬದುಕುತ್ತಿದೆ. ಬೇರೆ ಮಾಡಿ ನೋಡುವ ಸಮಯ ಒಂದೇ: ನಿಂತ ಆ ಕ್ಷಣ. ಆಗಲೇ ಪ್ಲಗ್ ಬಿಚ್ಚಿ ಕಿಡಿ ನೋಡಿ. ಕಿಡಿ ಇಲ್ಲವೇ, ಕಾಯಿಲ್ ಕಡೆ ಹೋಗಿ. ಕಿಡಿ ಚೆನ್ನಾಗಿದೆಯೇ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.

ಟ್ಯಾಂಕಿನ ಮುಚ್ಚಳ ತೆಗೆದಾಗ "ಬುಸ್" ಅಂತ ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿ ತೂತು ಮುಚ್ಚಿದೆ. ಹೊಸ ಪಂಪ್ ಹಾಕಿಸುವ ಮೊದಲು ಇದನ್ನು ನೋಡಿ. ಖರ್ಚೇ ಇಲ್ಲದ ರಿಪೇರಿ.

ನನ್ನದು ಎಂಪಿಎಫ್‌ಐ. ಇದೆಲ್ಲಾ ಅದಕ್ಕೂ ಸರಿಯಾ?

ಎಂಪಿಎಫ್‌ಐ ಅಂದರೆ ಕಾರ್ಬುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುವ ಇಂಜಿನ್. ತತ್ವ ಅದೇ, ಭಾಗಗಳು ಬೇರೆ. 1983ರಲ್ಲಿ ಬಂದ ಮಾರುತಿ 800ಕ್ಕೆ 2000ದ ಆಸುಪಾಸಿನಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು. ಹಾಗಾಗಿ ಅದೇ ಹೆಸರಿನ ಎರಡು ಗಾಡಿಗೆ ಎರಡು ಬೇರೆ ಔಷಧ.

ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ, ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಎರಡು ಸೆಕೆಂಡು "ಊಂ" ಅಂತ ಪಂಪಿನ ಶಬ್ದ ಬರಬೇಕು. ಬರದಿದ್ದರೆ ಫ್ಯೂಸ್, ಆಮೇಲೆ ರಿಲೇ, ಆಮೇಲೆ ಪಂಪ್. ಅದೇ ಥರದ ಇನ್ನೊಂದು ರಿಲೇ ಬಾಕ್ಸಿನಲ್ಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಬಿಸಿಯಾದಾಗ ನಿಂತು ತಣ್ಣಗಾದಾಗ ಏಳುವ ಎಂಪಿಎಫ್‌ಐ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಭಾಗ) ಹೆಸರನ್ನು ಮೆಕ್ಯಾನಿಕ್‌ಗೆ ನೆನಪಿಸಿ. ಕಂಪ್ಯೂಟರ್ ಇರುವ ಗಾಡಿಯಲ್ಲಿ ಪ್ಲಗ್ ವೈರ್ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಬೇಡಿ, ಮಾಡ್ಯೂಲ್ ಸುಡಬಹುದು. ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಚಾರ್ಜಿಂಗ್ ಟೆಸ್ಟ್" ಮಾಡುವ ಹಳೇ ಅಭ್ಯಾಸವನ್ನೂ ಇಲ್ಲಿ ಬಿಟ್ಟುಬಿಡಿ.

ಟೈಮಿಂಗ್ ಬೆಲ್ಟ್ ತುಂಡಾಗಿದೆ ಅಂತ ಗೊತ್ತಾಗುವುದು ಹೇಗೆ?

ಸೆಲ್ಫ್ ಶಬ್ದ ಬದಲಾಗುತ್ತದೆ. ಮಾಮೂಲಿ ಏರಿಳಿತ ಇಲ್ಲದೆ, ಯಾವ ತಡೆಯೂ ಇಲ್ಲದೆ ಸಲೀಸಾಗಿ, ಜೋರಾಗಿ ತಿರುಗುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಸೆಲ್ಫ್ ಹೊಡೆಯುವಾಗ ಒಳಗೆ ರಾಕರ್‌ಗಳು ಅಲ್ಲಾಡಬೇಕು. ಅಲ್ಲಾಡದಿದ್ದರೆ ಬೆಲ್ಟ್ ಹೋಗಿದೆ. ಕೆಲವು ಇಂಜಿನ್‌ಗಳಲ್ಲಿ ಆಗ ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ. ಅಲ್ಲಿಗೇ ನಿಲ್ಲಿಸಿ, ಟೋ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡು, ಬೆಲ್ಟ್ ಯಾವಾಗ ಬದಲಾಗಿದೆ ಅಂತ ಮಾಲೀಕರಿಗೇ ಗೊತ್ತಿಲ್ಲದಿದ್ದರೆ ಬದಲಾಗಿಲ್ಲ ಅಂತಲೇ ಲೆಕ್ಕ. ಕಿಲೋಮೀಟರ್ ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಇ20 ಪೆಟ್ರೋಲ್ ಹಾಕಿದ್ದರಿಂದ ನಿಂತಿತಾ?

ಎಲ್ಲಾ ತೊಂದರೆಯನ್ನೂ ಅದರ ತಲೆಗೆ ಕಟ್ಟುವುದು ಈಗ ಅಭ್ಯಾಸವಾಗಿದೆ. ಒಂದು ಟ್ಯಾಂಕ್ ಇ20 ಹಾಕಿದ್ದಕ್ಕೆ ಓಡುತ್ತಿದ್ದ ಗಾಡಿ ಟಪ್ ಅಂತ ನಿಲ್ಲುವುದಿಲ್ಲ. ಆದರೆ ನಿಧಾನಕ್ಕೆ ಆಗುವ ತೊಂದರೆ ನಿಜ. ಇ20 ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಹಳೇ ಕಾಲದ ರಬ್ಬರ್ ಪೈಪ್, ಗ್ಯಾಸ್ಕೆಟ್, ಪಂಪಿನ ಡಯಾಫ್ರಮ್ ಅದಕ್ಕೆ ತಯಾರಾದವಲ್ಲ, ಉಬ್ಬಿ ಮೆತ್ತಗಾಗಬಹುದು. ಟ್ಯಾಂಕಿನ ತಳದ ಹಳೇ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತರಲೂಬಹುದು.

ಇನ್ನೊಂದು ಸಂಗತಿ, ಎಥೆನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರು ಜಾಸ್ತಿಯಾದರೆ ಎಥೆನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ ಅಲ್ವಾ? ಆಗ ಎಷ್ಟು ಸೆಲ್ಫ್ ಹೊಡೆದರೂ ಉಪಯೋಗವಿಲ್ಲ, ಟ್ಯಾಂಕ್ ಖಾಲಿ ಮಾಡಬೇಕು. ಹಳೇ ಗಾಡಿಯ ಪೆಟ್ರೋಲ್ ಪೈಪುಗಳನ್ನೆಲ್ಲಾ ಒಮ್ಮೆ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿಕೊಳ್ಳಿ. ಸೋರುವ ಪೈಪ್ ಅಂದರೆ ಬರೀ ಸ್ಟಾರ್ಟಿಂಗ್ ತೊಂದರೆಯಲ್ಲ, ಬೆಂಕಿಯ ಭಯ.

ಹೀಟ್ ಆಗಿ ನಿಂತಿದೆ. ನೀರು ಹಾಕಿ ಹೊರಡಬಹುದಾ?

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಪೂರ್ತಿ ತಣ್ಣಗಾಗಲಿ. ಆಮೇಲೆ ನೀರು ಎಲ್ಲಿ ಹೋಯಿತು ಅಂತ ಹುಡುಕಿ: ಹೋಸ್ ಒಡೆದಿದೆಯಾ, ಫ್ಯಾನ್ ತಿರುಗುತ್ತಿತ್ತಾ, ಬೆಲ್ಟ್ ಇದೆಯಾ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದೆ, ಸ್ಟಾರ್ಟ್ ಮಾಡಬೇಡಿ.

ಇಲ್ಲೂ ಬೋರ್ ನೀರಿನದೇ ಕಥೆ. ವರ್ಷಾನುಗಟ್ಟಲೆ ಗಡಸು ನೀರು ಕುಡಿದ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಮೇಲಿನಿಂದ ನೀರು ತುಂಬಿಯೇ ಕಾಣಿಸುತ್ತದೆ, ಒಳಗೆ ಹರಿಯುವುದಿಲ್ಲ. ಸಪಾಟು ರಸ್ತೆಯಲ್ಲಿ ಹೇಗೋ ನಡೆದುಹೋಗುತ್ತದೆ. ನಂದಿ ಬೆಟ್ಟದಂಥ ಏರು ಸಿಕ್ಕ ದಿನ ಬಣ್ಣ ಬಯಲಾಗುತ್ತದೆ. ತುರ್ತಿಗೆ ಯಾವ ನೀರಾದರೂ ಹಾಕಿ, ಊರಿಗೆ ಬಂದ ಮೇಲೆ ತೆಗೆದು ಕೂಲಂಟ್ ತುಂಬಿಸಿ.

ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಗಾಡಿ. ಎಲ್ಲಿಂದ ಶುರು ಮಾಡಲಿ?

ಇಲಿಯಿಂದ. ಶ್ರೀನಿವಾಸಪುರದ ಕಡೆ ಮಾವಿನ ತೋಟದ ಶೆಡ್ಡುಗಳಲ್ಲಿ ನಿಂತ ಗಾಡಿಗಳ ಬಾನೆಟ್ ಎತ್ತಿದರೆ ಹುಲ್ಲು, ಬಟ್ಟೆ ಚೂರು, ಕಡಿದ ವೈರ್ ಸಿಗುವುದು ಮಾಮೂಲು. ಕೀ ಹಾಕುವ ಮೊದಲೇ ವೈರಿಂಗ್ ಪೂರ್ತಿ ಕಣ್ಣಾಡಿಸಿ. ಏರ್ ಫಿಲ್ಟರ್ ಡಬ್ಬಿ ಒಳಗೂ ನೋಡಿ, ಗೂಡು ಅಲ್ಲೇ ಇರಬಹುದು. ಸೈಲೆನ್ಸರ್ ತುದಿಯಲ್ಲಿ ಕಣಜದ ಮಣ್ಣು ಕಟ್ಟಿದ್ದರೆ ತೆಗೆಯಿರಿ.

ಹಳಸಿದ ಪೆಟ್ರೋಲ್ ತೆಗೆದು ಹೊಸದು ಹಾಕಿ. ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದ ಮೇಲೆ ಸೆಲ್ಫ್. ತಿರುಗದಿದ್ದರೆ ಬಲ ಹಾಕಬೇಡಿ. ಹೊರಡುವ ಮುಂಚೆ ಬ್ರೇಕ್ ನೋಡುವುದನ್ನು ಮಾತ್ರ ಮರೆಯಬೇಡಿ, ನಿಂತ ಗಾಡಿಯ ಬ್ರೇಕ್ ಹಿಡಿದುಕೊಂಡಿರುತ್ತದೆ ಅಥವಾ ಇರುವುದೇ ಇಲ್ಲ.

ಹಳೇ ಡೀಸೆಲ್ ಜೀಪು. ಡೀಸೆಲ್ ಖಾಲಿಯಾಗಿ ನಿಂತಿತ್ತು, ತುಂಬಿಸಿದರೂ ಏಳುತ್ತಿಲ್ಲ.

ಲೈನಿನಲ್ಲಿ ಏರ್ ಹಿಡಿದಿದೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಪಂಪ್ ಮಾಡುತ್ತಲೇ ಬಿಗಿ ಮಾಡಿ. ಕಾಮನ್ ರೈಲ್ ಡೀಸೆಲ್ ಗಾಡಿಯಾದರೆ (ಕಂಪ್ಯೂಟರ್ ಇರುವ ಹೊಸ ಥರದ ಡೀಸೆಲ್) ಹೈ ಪ್ರೆಷರ್ ಪೈಪಿಗೆ ಕೈ ಹಾಕಲೇಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಖಾಲಿಯಾಗದೆಯೂ ಪದೇ ಪದೇ ಏರ್ ಹಿಡಿದರೆ ಟ್ಯಾಂಕಿನಿಂದ ಪಂಪಿನ ನಡುವೆ ಎಲ್ಲೋ ಪೈಪ್ ಸೀಳಿದೆ. ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಎಳೆಯುತ್ತದೆ. ಚಳಿಗಾಲದ ಬೆಳಿಗ್ಗೆ ಮಾತ್ರ ತೊಂದರೆ ಆದರೆ ಹೀಟರ್ ಪ್ಲಗ್ ನೋಡಿಸಿ.

ಮಳೆ ನೀರಿನಲ್ಲಿ ಮುಳುಗಿ ನಿಂತರೆ?

ಸೆಲ್ಫ್ ಹೊಡೆಯಬೇಡಿ. ಇಂಜಿನ್ ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆಸಿಕೊಂಡು ಹೋಗಿ, ಪ್ಲಗ್ ಬಿಚ್ಚಿಸಿ, ನೀರು ತೆಗೆಸಿ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

"ಕಾಯಿಲ್ ಹೋಗಿದೆ, ಬದಲಿಸಿ" ಅನ್ನಬೇಡಿ. ಅವರು ಬದಲಿಸುತ್ತಾರೆ, ದುಡ್ಡು ನಿಮ್ಮದು. ಕಂಡದ್ದನ್ನು ಮಾತ್ರ ಹೇಳಿ: ವೇಮಗಲ್ ದಾಟಿದ ಮೇಲೆ ಟಪ್ ಅಂತ ನಿಂತಿತು, ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಕಿಡಿ ಇಲ್ಲ, ಪೆಟ್ರೋಲ್ ಬರುತ್ತಿದೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಅವರಿಗೂ ತಿಳಿಯುವುದಿಲ್ಲ. ತೆಗೆದ ಹಳೇ ಭಾಗ ಕೇಳಿ ಪಡೆಯಿರಿ. ಓಡುತ್ತಿದ್ದ ಹಳೇ ಕಾಯಿಲ್ ಡಿಕ್ಕಿಯಲ್ಲಿದ್ದರೆ ಒಂದು ದಿನ ಮನೆಗೆ ತಲುಪಿಸುತ್ತದೆ.

ಡಿಕ್ಕಿಯಲ್ಲಿ ಇನ್ನೇನು ಇಟ್ಟುಕೊಂಡಿರಬೇಕು?

ಪ್ಲಗ್ ಸ್ಪ್ಯಾನರ್, ಒಂದು ಪ್ಲಗ್, ಫ್ಯೂಸುಗಳು, ಪಾಯಿಂಟ್ ಗಾಡಿಯಾದರೆ ಪಾಯಿಂಟ್ ಮತ್ತು ಕಂಡೆನ್ಸರ್, ಫ್ಯಾನ್ ಬೆಲ್ಟ್, ಪೆಟ್ರೋಲ್ ಫಿಲ್ಟರ್, ಜಂಪ್ ಕೇಬಲ್, ಟಾರ್ಚ್, ಐದು ಲೀಟರ್ ನೀರು, ಒಣ ಬಟ್ಟೆ. ಬಾಟಲಿಯಲ್ಲಿ ಪೆಟ್ರೋಲ್ ಇಟ್ಟುಕೊಂಡು ಓಡಾಡಬೇಡಿ.

ಇಷ್ಟೆಲ್ಲಾ ಮಾಡಿ ಹಳೇ ಗಾಡಿ ಇಟ್ಟುಕೊಳ್ಳುವುದು ಲಾಭವಾ?

ಕಾಯಿಲ್, ಪಂಪ್, ಪೈಪು, ಬ್ಯಾಟರಿ, ಇಷ್ಟರಲ್ಲೇ ಇದ್ದರೆ ನನ್ನ ಪ್ರಕಾರ ಇಟ್ಟುಕೊಳ್ಳಿ. ಮಾರುತಿ 800 ತಯಾರಿಕೆ 2014ರಲ್ಲಿ, ಓಮ್ನಿ 2019ರಲ್ಲಿ ನಿಂತರೂ ಬಿಡಿಭಾಗಕ್ಕೆ ಇನ್ನೂ ಬರಗಾಲ ಬಂದಿಲ್ಲ. ಆದರೆ ಚಾಸಿಗೆ, ತಳದ ತಗಡಿಗೆ ತುಕ್ಕು ಹಿಡಿದಿದ್ದರೆ ಇಂಜಿನ್ನಿಗೆ ದುಡ್ಡು ಸುರಿಯಬೇಡಿ. ಸ್ವಂತ ಬಳಕೆಯ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. ದೊಡ್ಡ ರಿಪೇರಿಗೆ ಒಪ್ಪುವ ಮೊದಲು ಆ ತಾರೀಕು ಎಷ್ಟು ಹತ್ತಿರ ಇದೆ ಅಂತ ಆರ್‌ಸಿ ತೆಗೆದು ನೋಡಿ. ಹೊಗೆ ತಪಾಸಣೆಯ ಚೀಟಿ ಮತ್ತು ಇನ್ಶೂರೆನ್ಸ್ ಮುಗಿದಿದೆಯಾ ಅಂತ ಅದರ ಜೊತೆಗೇ ನೋಡಿಕೊಂಡುಬಿಡಿ.